ಖಾಲಿ ಗಾಡಿ, ಹುಲ್ಲು ಹಾಸಿದ ರಸ್ತೆ: ಹಲಗೂರು ಹೋಬಳಿಯ ಗೂಡ್ಸ್ ಗಾಡಿ ಚಾಲಕರಿಗೆ ಬಹಿರಂಗ ಪತ್ರ

ಹಲಗೂರು ಹೋಬಳಿಯಲ್ಲಿ ಪಿಕಪ್, ಟಾಟಾ ಏಸ್, ಓಮ್ನಿ, ಟೆಂಪೊ ಓಡಿಸುವ ಅಣ್ಣತಮ್ಮಂದಿರಿಗೆ, ಆ ಗಾಡಿಗಳ ಮಾಲೀಕರಿಗೆ,

ರಾಗಿ ಕೊಯ್ದು ಮೆದೆ ಒಟ್ಟಿದ್ದಾಯಿತು. ಇನ್ನು ಮೆದೆ ಬಿಚ್ಚಿ ಒಕ್ಕುವ ಕಾಲ. ಸಂಕ್ರಾಂತಿ ಕಳೆಯುವವರೆಗೆ, ಹುರುಳಿ ಹೆಚ್ಚು ಬಿತ್ತಿದ ಕಡೆ ಅದಕ್ಕೂ ಆಚೆಗೆ, ನಮ್ಮ ಹಳ್ಳಿಗಳ ಟಾರು ರಸ್ತೆಯೇ ಕಣವಾಗುತ್ತದೆ. ಬೆಂಗಳೂರಿನಿಂದ ಕನಕಪುರ, ಹಲಗೂರು, ಮಳವಳ್ಳಿ ಮಾರ್ಗವಾಗಿ ಕೊಳ್ಳೇಗಾಲದತ್ತ ಹೋಗುವ 948ನೇ ರಾಷ್ಟ್ರೀಯ ಹೆದ್ದಾರಿ ಬಿಟ್ಟು ಒಳದಾರಿಗೆ ತಿರುಗಿದರೆ ಸಾಕು, ರಾಗಿ ತೆನೆಯೋ ಹುರುಳಿ ಸೊಪ್ಪೋ ರಸ್ತೆಯ ಮೇಲೆ ಹರಡಿರುವುದು ಈ ದಿನಗಳಲ್ಲಿ ಸಾಮಾನ್ಯ ನೋಟ. ಅದರ ಮೇಲೆ ಎಲ್ಲರಿಗಿಂತ ಹೆಚ್ಚು ಓಡಾಡುವವರು ನೀವು. ಆದ್ದರಿಂದ ಈ ಪತ್ರವನ್ನು ತಹಶೀಲ್ದಾರರಿಗೋ ಪೊಲೀಸರಿಗೋ ಬರೆಯದೆ ನಿಮಗೇ ಬರೆಯುತ್ತಿದ್ದೇನೆ. ಹೇಳಬೇಕಾದದ್ದು ಇಷ್ಟು: ನೀವು ಓಡಿಸುವ ಗಾಡಿಗಳು ಹೆಚ್ಚುಕಡಿಮೆ ಎಲ್ಲವೂ ಹಿಂದಿನ ಚಕ್ರದ ಬಲದಿಂದ ಓಡುವಂಥವು. ಹಿಂದಿನ ಬಾಡಿ ಖಾಲಿ ಇದ್ದಾಗ, ಜಾರುವ ನೆಲದ ಮೇಲೆ ಇವುಗಳಷ್ಟು ಬೇಗ ಕೈ ತಪ್ಪುವ ನಾಲ್ಕು ಚಕ್ರದ ಗಾಡಿ ಇನ್ನೊಂದಿಲ್ಲ. ಇದನ್ನು ಅರಿತು ಓಡಿಸಬೇಕು ಎನ್ನುವುದು ಮಾತಿನ ಅರ್ಧ ಭಾಗ. ರಸ್ತೆ ಒಕ್ಕಣೆಗೆ ನಿಮ್ಮ ಚಕ್ರ ಕೊಡುವುದನ್ನು ನೀವೇ ನಿಲ್ಲಿಸಬೇಕು ಎನ್ನುವುದು ಉಳಿದರ್ಧ.

ಚಳಿಗಾಲದಲ್ಲಿ ರಸ್ತೆ ಜಾರುವ ವಿಷಯದಲ್ಲಿ ಜಗತ್ತಿನ ಅನುಭವವೆಲ್ಲ ಹಿಮ ಬೀಳುವ ನಾಡುಗಳದ್ದು. ಅಮೆರಿಕದ ಮಿಷಿಗನ್, ಮಿನ್ನೆಸೋಟಗಳಲ್ಲಿ, ಕೆನಡಾದ ಟೊರಾಂಟೊದಲ್ಲಿ ಮನೆ ಮಾಡಿಕೊಂಡಿರುವ ಕನ್ನಡದ ಕುಟುಂಬಗಳಿಗೆ ಇದು ಮೊದಲ ಚಳಿಗಾಲದಲ್ಲೇ ಕಲಿಯಬೇಕಾದ ಪಾಠ. ಅಲ್ಲಿ ಪಿಕಪ್ ಇಟ್ಟುಕೊಂಡವರು ಹಿಮ ಶುರುವಾಗುತ್ತಿದ್ದಂತೆ ಹಿಂದಿನ ಆಕ್ಸಲ್‌ ಮೇಲೆ ಮರಳಿನ ಮೂಟೆ ಹೇರುವುದು ಹಳೆಯ ರೂಢಿ. ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಹಾಕಿರಲೇಬೇಕೆಂಬ ಕಾನೂನಿದೆ. ನಮ್ಮ ದೇಶದಲ್ಲೇ ಹಿಮಾಲಯದ ದಾರಿಗಳಲ್ಲಿ ಲಾರಿಯ ಹಿಂದಿನ ಚಕ್ರಕ್ಕೆ ಸರಪಳಿ ಕಟ್ಟಿ ಹತ್ತುತ್ತಾರೆ. ಮನಾಲಿಯಿಂದ ಅಟಲ್ ಸುರಂಗದ ಕಡೆಗೆ ಹಿಮ ಬಿದ್ದ ದಿನ ನಾಲ್ಕು ಚಕ್ರಕ್ಕೂ ಬಲ ಹೋಗುವ ಗಾಡಿಗಳನ್ನು ಮಾತ್ರ ಬಿಡುವುದುಂಟು. ಹಲಗೂರಿನಲ್ಲಿ ಹಿಮ ಬೀಳುವುದಿಲ್ಲ, ಆದರೆ ಟೈರಿಗೆ ಬೇಕಾದದ್ದು ಹಿಡಿತ. ಟೈರಿಗೂ ಟಾರಿಗೂ ನಡುವೆ ಸಡಿಲವಾದ ಪದರವೊಂದು ಬಂತೆಂದರೆ, ಅದು ಹಿಮವಾದರೂ ಹುಲ್ಲಾದರೂ ಹಿಡಿತ ಹೋಗುವ ಬಗೆ ಒಂದೇ.

ಲೆಕ್ಕದಲ್ಲೇ ನೋಡೋಣ. ಒಣ ಟಾರಿನ ಮೇಲೆ ಒಳ್ಳೆಯ ಟೈರಿನ ಘರ್ಷಣೆಯ ಗುಣಾಂಕ ಸುಮಾರು 0.7ರಿಂದ 0.8. ಮಳೆಯಲ್ಲಿ ಅದು 0.5ರ ಆಸುಪಾಸಿಗೆ ಇಳಿಯುತ್ತದೆ, ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3ಕ್ಕೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ 0.7 ಹಿಡಿತ ಇರುವ ಕಡೆ ಬ್ರೇಕ್ ಹಿಡಿದಲ್ಲಿಂದ ಸುಮಾರು 20 ಮೀಟರಿಗೆ ನಿಲ್ಲುತ್ತದೆ. ಹಿಡಿತ 0.3 ಇದ್ದರೆ ಅದೇ ಗಾಡಿಗೆ 47 ಮೀಟರ್ ಬೇಕು. ಬೇರೆ ರೀತಿ ಹೇಳಿದರೆ, ಅಂಥ ನೆಲದಲ್ಲಿ 40ರ ವೇಗವೇ ಒಣ ರಸ್ತೆಯ 60ಕ್ಕೆ ಸಮ. ಹುಲ್ಲಿನ ಮೇಲಿನ ಹಿಡಿತ ಹಾಸಿನ ದಪ್ಪ, ತೇವ, ಎಷ್ಟು ಗಾಡಿ ತುಳಿದಿವೆ ಎಂಬುದರ ಮೇಲೆ ಗಂಟೆಗಂಟೆಗೂ ಬದಲಾಗುತ್ತದೆ. ಆಗತಾನೆ ಹರಡಿದ ಒಣ ತೆನೆ ಒಂದು ರೀತಿ, ಮಧ್ಯಾಹ್ನದ ಹೊತ್ತಿಗೆ ಅರೆದು ನುಣುಪಾದ ಹೊಟ್ಟು ಇನ್ನೊಂದು ರೀತಿ, ರಾತ್ರಿಯಿಡೀ ಇಬ್ಬನಿ ಕುಡಿದು ಬೆಳಗಿನ ಜಾವ ಮಲಗಿರುವ ಹುಲ್ಲು ಮತ್ತೊಂದು ರೀತಿ. ಹುಲ್ಲಿನ ಅಡಿಯಲ್ಲಿ ಉದುರಿದ ಕಾಳು ಬೇರೆ ಇರುತ್ತದೆ. ಗಟ್ಟಿಯಾದ ಹುರುಳಿ ಕಾಳು, ದುಂಡನೆಯ ರಾಗಿ ಕಾಳು ಟೈರಿನ ಕೆಳಗೆ ಬೇರಿಂಗಿನ ಗುಂಡುಗಳಂತೆ ಉರುಳುತ್ತವೆ.

ಈಗ ಗಾಡಿಯ ವಿಷಯಕ್ಕೆ ಬರೋಣ. 1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ದೇಶದ ಸಣ್ಣ ಕಾರುಗಳು ಒಂದೊಂದಾಗಿ ಮುಂದಿನ ಚಕ್ರದ ಬಲಕ್ಕೆ ಹೊರಳಿದವು. ಆದರೆ ದುಡಿಯುವ ಗಾಡಿಗಳು ಹೊರಳಲಿಲ್ಲ. 2005ರಲ್ಲಿ ಬಂದ ಟಾಟಾ ಏಸ್, ಬೊಲೆರೊ ಪಿಕಪ್, 2019ರವರೆಗೂ ತಯಾರಾಗುತ್ತಿದ್ದ ಓಮ್ನಿ, ಈಕೊ, ಟೆಂಪೊ ಟ್ರಾವೆಲರ್, ಗೂಡ್ಸ್ ಆಟೊ, ಎಲ್ಲವೂ ಹಿಂದಿನ ಚಕ್ರದವೇ. ಅದಕ್ಕೆ ಸರಿಯಾದ ಕಾರಣವೂ ಇದೆ. ಲೋಡು ಬೀಳುವುದು ಹಿಂದೆ, ಲೋಡು ಬಿದ್ದ ಕಡೆ ಹಿಡಿತ ಹೆಚ್ಚು, ಹಿಡಿತ ಇದ್ದ ಕಡೆಯೇ ಎಂಜಿನ್ನಿನ ಬಲ ಹೋದರೆ ಏರು ಹತ್ತುವುದು ಸುಲಭ. ಕಬ್ಬು, ಸಿಮೆಂಟು, ಟೊಮೆಟೊ ಕ್ರೇಟು ತುಂಬಿಕೊಂಡು ಹೋಗುವ ಗಾಡಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಲೋಡು ಇಳಿಸಿದ ಮರುಕ್ಷಣ ಲೆಕ್ಕ ತಿರುಗುಮುರುಗಾಗುತ್ತದೆ. ಎಂಜಿನ್ನು, ಕ್ಯಾಬಿನ್ನು, ಚಾಲಕ, ಪಕ್ಕದಲ್ಲಿ ಕೂತವರು ಎಲ್ಲ ಮುಂದೆ. ಹಿಂದೆ ತಗಡಿನ ಬಾಡಿ, ಅದರಡಿಗೆ ಒಂದು ಟನ್ ಹೊರಲೆಂದು ಮಾಡಿದ ಬಿರುಸಾದ ಸ್ಪ್ರಿಂಗ್ ಕಟ್ಟೆಗಳು. ಖಾಲಿ ಇದ್ದಾಗ ಆ ಕಟ್ಟೆಗಳು ಬಗ್ಗುವುದಿಲ್ಲ, ಸಣ್ಣ ಗುಂಡಿಗೂ ಹಿಂಭಾಗ ಎಗರುತ್ತದೆ. ಎಗರಿದ ಚಕ್ರಕ್ಕೆ ನೆಲವೇ ಇಲ್ಲ, ಹಿಡಿತವೆಲ್ಲಿಂದ ಬರಬೇಕು?

ಟೈರಿನ ಹಿಡಿತಕ್ಕೆ ಒಂದು ಮಿತಿ ಇದೆ. ಅಷ್ಟರಲ್ಲೇ ಗಾಡಿಯನ್ನು ಓಡಿಸಬೇಕು, ನಿಲ್ಲಿಸಬೇಕು, ತಿರುವಿನಲ್ಲಿ ಪಕ್ಕಕ್ಕೆ ಜಾರದಂತೆ ತಡೆಯಬೇಕು. ಒಂದು ಕೆಲಸಕ್ಕೆ ಹೆಚ್ಚು ಖರ್ಚಾದರೆ ಇನ್ನೊಂದಕ್ಕೆ ಉಳಿಯುವುದಿಲ್ಲ. ಮುಂದಿನ ಚಕ್ರದ ಬಲದ ಕಾರಿನಲ್ಲಿ ಹಿಡಿತ ಮೀರಿದರೆ ಮುಂದಿನ ಚಕ್ರ ಜಾರುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ಅದೂ ಅಪಾಯವೇ. ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬಹಳ ಸಲ ಅದು ತಾನಾಗಿ ಹತೋಟಿಗೆ ಬರುತ್ತದೆ. ಹಿಂದಿನ ಚಕ್ರದ ಬಲದ ಗಾಡಿಯಲ್ಲಿ ಜಾರುವುದು ಬಾಲ. ಒಮ್ಮೆ ಬಾಲ ಪಕ್ಕಕ್ಕೆ ಹೊರಟರೆ ಮುಂದಿನ ಚಕ್ರಗಳು ಹಿಡಿದು ನಿಂತಿರುತ್ತವೆ, ಅವುಗಳ ಸುತ್ತ ಇಡೀ ಗಾಡಿ ಗಿರಕಿ ಹೊಡೆಯುತ್ತದೆ. ಬೆದರಿ ಬ್ರೇಕ್ ತುಳಿದರೆ ಭಾರ ಇನ್ನಷ್ಟು ಮುಂದಕ್ಕೆ ಸರಿದು ಬಾಲ ಇನ್ನಷ್ಟು ಹಗುರಾಗುತ್ತದೆ. ಜಾರುವ ನೆಲದಲ್ಲಿ ಎಂಜಿನ್ನಿನಿಂದ ವೇಗ ತಗ್ಗಿಸಿ ಎಂದು ಹಿರಿಯ ಚಾಲಕರು ಹೇಳಿಕೊಡುತ್ತಾರೆ. ಒಣ ಘಾಟಿಯಲ್ಲಿ ಅದು ಬಂಗಾರದಂಥ ಮಾತು. ಆದರೆ ಹುಲ್ಲಿನ ಮೇಲೆ ಹೋಗುವಾಗ ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ ಕ್ಲಚ್ಚನ್ನು ತಟ್ಟನೆ ಬಿಟ್ಟರೆ, ಎಂಜಿನ್ನಿನ ಎಳೆತ ಬೀಳುವುದು ಹಿಂದಿನ ಎರಡು ಚಕ್ರಗಳ ಮೇಲೆ ಮಾತ್ರ. ಹ್ಯಾಂಡ್‌ಬ್ರೇಕ್ ಎಳೆದಷ್ಟೇ ಕೆಟ್ಟ ಪರಿಣಾಮ ಅದು.

ನಮ್ಮ ರಸ್ತೆಗಳಲ್ಲಿ ಇದಕ್ಕೆ ಇನ್ನೊಂದು ಗಂಟು ಬೀಳುತ್ತದೆ. ರೈತರು ಸಾಮಾನ್ಯವಾಗಿ ರಸ್ತೆಯ ಒಂದು ಮಗ್ಗುಲಿಗೆ ಹರಡುತ್ತಾರೆ. ಎದುರಿನಿಂದ ಬಸ್ಸು ಬಂದಾಗ ನೀವು ಎಡಕ್ಕೆ ಸರಿದರೆ ಎಡಗಡೆಯ ಎರಡು ಚಕ್ರ ಹುಲ್ಲಿನ ಮೇಲೆ, ಬಲಗಡೆಯ ಎರಡು ಚಕ್ರ ಟಾರಿನ ಮೇಲೆ. ಆಗ ಬ್ರೇಕ್ ಹಿಡಿದರೆ ಬಲಗಡೆ ಹಿಡಿಯುತ್ತದೆ, ಎಡಗಡೆ ಜಾರುತ್ತದೆ. ಗಾಡಿಯ ಮೂತಿ ಬಲಕ್ಕೆ, ಅಂದರೆ ಎದುರಿನ ಬಸ್ಸಿನ ಕಡೆಗೆ ತಿರುಗುತ್ತದೆ, ಬಾಲ ಎಡಕ್ಕೆ ಬೀಸುತ್ತದೆ. ಎಡಕ್ಕೆ ಯಾರಿರುತ್ತಾರೆ? ಮೊರ ಹಿಡಿದು ರಾಗಿ ತೂರುವ ಹೆಂಗಸರು, ಹುಲ್ಲು ತಿರುವಿ ಹಾಕುವ ಅಜ್ಜ, ಶಾಲೆ ಬಿಟ್ಟು ಬಂದು ಕಾಳು ಗುಡಿಸುವ ಮಕ್ಕಳು. ಬೇಗ ಒಕ್ಕಣೆ ಮುಗಿಯಲಿ ಎಂದು ನಿಮ್ಮ ದಾರಿ ಕಾಯುತ್ತಾ ನಿಂತವರ ಮೇಲೆಯೇ ಆ ಬಾಲ ಹೋಗುತ್ತದೆ. ಗಾಡಿಗಳು ಹುಲ್ಲಿನ ಮೇಲೆಯೇ ಹಾಯಲಿ ಎಂದು ಟಾರಿನ ಅಂಚಿಗೆ ಕಲ್ಲು, ಮುಳ್ಳಿನ ಕೊಂಬೆ ಇಡುವುದೂ ಉಂಟು. ಸಂಜೆ ಹುಲ್ಲು ಬಳಿದುಕೊಂಡು ಹೋದವರು ಕಲ್ಲು ತೆಗೆಯಲು ಮರೆತರೆ ರಾತ್ರಿ ಆ ದಾರಿಯಲ್ಲಿ ಬರುವ ಬೈಕಿನವನ ಗತಿ ನಿಮಗೆ ಹೇಳಬೇಕಿಲ್ಲ.

ಹುರುಳಿಯ ಮಾತು ಬೇರೆಯೇ. ರಾಗಿ ಹುಲ್ಲು ಮುರಿಯುತ್ತದೆ, ಹುರುಳಿ ಬಳ್ಳಿ ಮುರಿಯದೆ ಸುತ್ತಿಕೊಳ್ಳುತ್ತದೆ. ನಿಮ್ಮ ಗಾಡಿಯ ಹೊಟ್ಟೆಯಡಿ ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿನವರೆಗೆ ಉದ್ದಕ್ಕೂ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತಿರುತ್ತದೆ, ಅದರ ಪಕ್ಕದಲ್ಲೇ ಕಾದ ಸೈಲೆನ್ಸರ್ ಕೊಳವೆ ಹಾದುಹೋಗಿರುತ್ತದೆ. ತಿರುಗುವ ಶಾಫ್ಟಿಗೆ ಬಳ್ಳಿಯ ಒಂದು ತುದಿ ಸಿಕ್ಕರೆ ಸಾಕು, ನಾಲ್ಕು ಮಾರು ಹೋಗುವಷ್ಟರಲ್ಲಿ ಮೊಣಕೈ ಗಾತ್ರದ ಉಂಡೆ ಕಟ್ಟುತ್ತದೆ. ಕ್ರಾಸ್ ಜಾಯಿಂಟಿನ ಹತ್ತಿರ ಅದು ಬಿಗಿದುಕೊಂಡು ಉಜ್ಜುತ್ತದೆ, ಕೊಳವೆಗೆ ತಾಗಿ ಹೊಗೆಯಾಡುತ್ತದೆ. ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಹುರುಳಿ ಸೊಪ್ಪು ಸುತ್ತಿಕೊಂಡು ಕಾರುಗಳು ಹೊತ್ತಿ ಉರಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಚಾಲಕನಿಗೆ ಹೊಗೆ ಕಾಣುವ ಹೊತ್ತಿಗೆ ಕೆಳಗೆ ಬೆಂಕಿ ಹತ್ತಿರುತ್ತದೆ, ಏಕೆಂದರೆ ಓಡುವ ಗಾಡಿಯ ಹೊಗೆ ಹಿಂದಕ್ಕೆ ಹೋಗುತ್ತದೆ. ಹುರುಳಿ ಹಾಸು ದಾಟಿದ ಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಬಗ್ಗಿ ನೋಡಿ. ಸುತ್ತಿದ ಬಳ್ಳಿಯನ್ನು ಕೈಯಲ್ಲಿ ಎಳೆಯುವ ಬದಲು ಕುಡುಗೋಲಿನಿಂದ ಕೊಯ್ದು ತೆಗೆಯಿರಿ. ಒಂದು ಕ್ಯಾನು ನೀರು, ಒಂದು ಕುಡುಗೋಲು ಈ ಎರಡು ತಿಂಗಳು ಸೀಟಿನ ಹಿಂದೆ ಇರಲಿ.

ಎಲ್ಲಕ್ಕಿಂತ ಅಪಾಯದ ಪ್ರಯಾಣ ಯಾವುದು ಎಂದು ಕೇಳಿದರೆ ಬೆಳಗಿನ ಜಾವದ ಖಾಲಿ ಮರುಪ್ರಯಾಣ ಎನ್ನುತ್ತೇನೆ. ರಾತ್ರಿ ತರಕಾರಿಯನ್ನೋ ರೇಷ್ಮೆಗೂಡನ್ನೋ ತುಂಬಿಕೊಂಡು ಬೆಂಗಳೂರಿಗೋ ರಾಮನಗರದ ಗೂಡಿನ ಮಾರುಕಟ್ಟೆಗೋ ಹೋಗಿ, ಇಳಿಸಿ, ನಿದ್ದೆಗಣ್ಣಿನಲ್ಲಿ ಹಿಂತಿರುಗುವಾಗ ಬಾಡಿ ಖಾಲಿ, ಇಬ್ಬನಿ ಬಿದ್ದು ಹುಲ್ಲು ತೇವ, ಶಿಂಷಾ ಹೊಳೆಯ ಆಸುಪಾಸಿನಲ್ಲಿ ಮಂಜು ಕವಿದು ಮುಂದಿನ ದಾರಿ ಕಾಣದು. ರೇಷ್ಮೆಗೂಡಿನ ವಿಷಯದಲ್ಲಿ ಹೋಗುವ ಪ್ರಯಾಣವೂ ನಂಬುವಂಥದ್ದಲ್ಲ. ಬಾಡಿ ತುಂಬಿ ತುಳುಕುತ್ತಿದ್ದರೂ ಗೂಡಿಗೆ ತೂಕವಿಲ್ಲ, ಖಾಲಿ ಕ್ರೇಟಿಗೂ ಇಲ್ಲ. ಕಣ್ಣಿಗೆ ಲೋಡ್ ಗಾಡಿ, ಹಿಂದಿನ ಚಕ್ರದ ಪಾಲಿಗೆ ಖಾಲಿ ಗಾಡಿ. ಜನರನ್ನು ತುಂಬಿಕೊಂಡರೆ ತೂಕ ಬಂತಲ್ಲ ಎಂದು ಯಾರೂ ಲೆಕ್ಕ ಹಾಕಬಾರದು. ಚಿಕ್ಕಲ್ಲೂರು ಜಾತ್ರೆ ಬರುವುದೂ ಇದೇ ಬನದ ಹುಣ್ಣಿಮೆಗೆ, ನಮ್ಮ ಕಡೆಯಿಂದ ಗೂಡ್ಸ್ ಗಾಡಿಗಳಲ್ಲಿ ಜನ ನಿಂತುಕೊಂಡೇ ಹೋಗುತ್ತಾರೆ. ನಿಂತ ಜನರ ಭಾರ ಮೇಲಿರುತ್ತದೆ, ತಿರುವಿನಲ್ಲಿ ಎಲ್ಲರೂ ಒಂದೇ ಪಕ್ಕಕ್ಕೆ ವಾಲುತ್ತಾರೆ. ಗೂಡ್ಸ್ ಗಾಡಿಯಲ್ಲಿ ಪುಕ್ಕಟೆ ಕೂತು ಹೋಗುವವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆ ಹೊರೆ ಬೀಳುವುದು ಮಾಲೀಕನ ಮನೆಯ ಮೇಲೆ.

ಹಾಗಾದರೆ ಏನು ಮಾಡಬೇಕು? ಖಾಲಿ ಹೋಗುವಾಗ ಹಿಂದಿನ ಆಕ್ಸಲ್ಲಿನ ನೇರಕ್ಕೆ ಎರಡು ಮೂರು ಮರಳಿನ ಮೂಟೆ ಹಾಕಿ, ಜರುಗದಂತೆ ಹಗ್ಗದಲ್ಲಿ ಬಿಗಿದು ಕಟ್ಟಿ. ಬಾಗಿಲ ಕಡೆಗೆ, ಆಕ್ಸಲ್ಲಿನಿಂದ ಹಿಂದಕ್ಕೆ ಇಟ್ಟರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಕೆಡುತ್ತದೆ. ಮೂಟೆ ಹಾಕಿದ ಮಾತ್ರಕ್ಕೆ ಗಾಡಿ ಬೇಗ ನಿಲ್ಲುವುದಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ತೂಕ ಹೆಚ್ಚಿದಷ್ಟು ಹಿಡಿತ ಹೆಚ್ಚುತ್ತದೆ, ನಿಲ್ಲಿಸಬೇಕಾದ ಭಾರವೂ ಅಷ್ಟೇ ಹೆಚ್ಚುತ್ತದೆ. ಮೂಟೆಯಿಂದ ಸಿಗುವುದು ಮುಂದಕ್ಕೂ ಹಿಂದಕ್ಕೂ ಸಮತೂಕ, ಬಾಲ ಅಂಕೆಯಲ್ಲಿರುವುದು. ಡೀಸೆಲ್ ಹೆಚ್ಚು ಕುಡಿಯುವುದಿಲ್ಲವೇ ಎಂದು ಮಾಲೀಕರು ಕೇಳಬಹುದು. ಮುಕ್ಕಾಲು ಟನ್ನಿನಿಂದ ಒಂದೂವರೆ ಟನ್ ಹೊರುವ ಗಾಡಿಗೆ ನೂರು ನೂರೈವತ್ತು ಕಿಲೋ ಭಾರ ದೊಡ್ಡದಲ್ಲ, ಅದೂ ಎರಡು ತಿಂಗಳ ಮಾತು. ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಿಡಿತ ಬೇಕೆಂದೇ ಹಿಂದಿನ ಟೈರಿಗೆ ನೀರು ತುಂಬಿಸುವುದು ಅವರ ದಿನನಿತ್ಯದ ವಿದ್ಯೆ.

ಟೈರಿನ ವಿಷಯದಲ್ಲಿ ನಮ್ಮಲ್ಲೊಂದು ಕೆಟ್ಟ ರೂಢಿ ಬೇರೂರಿದೆ: ಹೊಸ ಟೈರು ಮುಂದಕ್ಕೆ, ಸವೆದದ್ದು ಹಿಂದಕ್ಕೆ. ಖಾಲಿ ಓಡುವ ಹಿಂದಿನ ಚಕ್ರದ ಗಾಡಿಗೆ ಇದು ತದ್ವಿರುದ್ಧ. ಎರಡೇ ಹೊಸ ಟೈರು ಕೊಳ್ಳಲು ಕೈಯಲ್ಲಿ ಹಣವಿದ್ದರೆ ಅವು ಹಿಂದಕ್ಕೇ ಹೋಗಬೇಕು. ಟೈರಿನ ಗೀರಿನೊಳಗೆ ಸವೆತದ ಗುರುತಿನ ಸಣ್ಣ ಉಬ್ಬು ಇರುತ್ತದೆ, ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದಾಗ ಅದು ಟೈರಿನ ಮೈಗೆ ಸಮವಾಗುತ್ತದೆ. ಸಮವಾದ ಮೇಲೆ ಆ ಟೈರು ಈ ಕಾಲಕ್ಕೆ ಆಗದು. ಗಾಳಿಯ ವಿಷಯವೂ ಅಷ್ಟೇ. ಲೋಡಿಗೆ ಬೇಕಾದ ಗಾಳಿಯನ್ನೇ ಖಾಲಿ ಇದ್ದಾಗಲೂ ಇಟ್ಟರೆ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಎಂದು ಕಂಪನಿಯ ಪುಸ್ತಕದಲ್ಲಿ ಬರೆದಿರುತ್ತದೆ, ಅದರಂತೆ ಇಡಿ. ಅನೇಕ ಪಿಕಪ್‌ಗಳಲ್ಲಿ ಲೋಡು ನೋಡಿ ಹಿಂದಿನ ಬ್ರೇಕಿನ ಒತ್ತಡ ಹೆಚ್ಚು ಕಡಿಮೆ ಮಾಡುವ ವಾಲ್ವ್ ಇರುತ್ತದೆ. ಷಾಸಿಗೆ ಕೂರಿಸಿದ ವಾಲ್ವಿನಿಂದ ಆಕ್ಸಲ್ಲಿಗೆ ಒಂದು ಸಣ್ಣ ಸರಳು ಬಂದಿರುತ್ತದೆ. ಅದು ತುಕ್ಕು ಹಿಡಿದು ಕಚ್ಚಿಕೊಂಡರೆ, ಇಲ್ಲವೇ ಯಾರೋ ಕಳಚಿ ಕಟ್ಟಿಹಾಕಿದ್ದರೆ, ಖಾಲಿ ಗಾಡಿಯಲ್ಲೂ ಹಿಂದಿನ ಚಕ್ರಕ್ಕೆ ಪೂರಾ ಬ್ರೇಕ್ ಹೋಗಿ ಅದು ಮೊದಲು ಲಾಕ್ ಆಗುತ್ತದೆ. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳಿ ಬಂದದ್ದು ಹಲಗೂರಿನ ಪಾಂಚಾಳರ ಬಾಗಿಲಿಗೆ. ಕಬ್ಬಿಣದ ಕೆಲಸಕ್ಕೆ ಅಷ್ಟು ಹಿಂದಿನಿಂದ ಹೆಸರಾದ ಊರಿನಲ್ಲಿ ಒಂದು ಸರಳು ಕಚ್ಚಿಕೊಂಡಿದೆಯೇ ಎಂದು ನೋಡಿ ಎಣ್ಣೆ ಬಿಡಿಸಲು ಮೆಕ್ಯಾನಿಕ್ಕಿಗೆ ಬರವಿಲ್ಲ.

ಓಡಿಸುವ ಕ್ರಮ ಹೀಗೆ. ಹುಲ್ಲು ಕಂಡ ಕೂಡಲೇ, ಇನ್ನೂ ಟಾರಿನ ಮೇಲಿರುವಾಗಲೇ, ವೇಗ ಇಳಿಸಿ. ಬೇಕಾದ ಗೇರಿಗೆ ಬಂದು, ಸ್ಟೇರಿಂಗ್ ನೆಟ್ಟಗೆ ಹಿಡಿದು, ಹುಲ್ಲಿನ ಮೇಲೆ ಕಾಲು ಕದಲಿಸದೆ ಒಂದೇ ಸಮನೆ ದಾಟಿ. ಆಗುವುದಾದರೆ ಎರಡೂ ಬದಿಯ ಚಕ್ರ ಟಾರಿನ ಮೇಲಿರಲಿ. ಆಗದಿದ್ದರೆ ಎದುರಿನ ಗಾಡಿ ಹೋಗುವವರೆಗೆ ನಿಲ್ಲಿ, ಅರ್ಧ ಹುಲ್ಲು ಅರ್ಧ ಟಾರು ಬೇಡ. ಬಾಲ ಜಾರಿಯೇಬಿಟ್ಟರೆ ಬ್ರೇಕಿನಿಂದಲೂ ಆಕ್ಸಿಲರೇಟರಿನಿಂದಲೂ ಕಾಲು ತೆಗೆದು ಕ್ಲಚ್ ಒತ್ತಿ, ಬಾಲ ಯಾವ ಕಡೆಗೆ ಹೋಯಿತೋ ಆ ಕಡೆಗೇ ಸ್ಟೇರಿಂಗ್ ತಿರುಗಿಸಿ, ಸರಿಯಾಗುತ್ತಿದ್ದಂತೆ ನೆಟ್ಟಗೆ ಮಾಡಿ. ಹೊಸ ಗಾಡಿಯಲ್ಲಿ ಎಬಿಎಸ್ ಇದೆ, ಭಯವಿಲ್ಲ ಎನ್ನುವವರಿಗೆ ಒಂದು ಮಾತು: ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಂಡು ಸ್ಟೇರಿಂಗನ್ನು ನಿಮ್ಮ ಕೈಯಲ್ಲಿ ಉಳಿಸುತ್ತದೆ. ಇಲ್ಲದ ಹಿಡಿತವನ್ನು ಅದು ಹುಟ್ಟಿಸುವುದಿಲ್ಲ. ಜಲ್ಲಿ, ಹಿಮದಂಥ ಸಡಿಲ ಪದರದ ಮೇಲೆ ನಿಲ್ಲುವ ದೂರ ಅದರಿಂದ ಇನ್ನೂ ಹೆಚ್ಚಾಗಬಹುದು.

ಇಷ್ಟು ವರ್ಷದಿಂದ ಓಡಿಸುತ್ತಿದ್ದೇವೆ, ಏನೂ ಆಗಿಲ್ಲ ಎಂದು ಕೆಲವರು ಹೇಳುತ್ತೀರಿ. ನಿಮ್ಮ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಅಂಬಾಸಿಡರ್ ಕಾರು ಕೂಡ ಹಿಂದಿನ ಚಕ್ರದ್ದೇ, ಮಲೆನಾಡಿನ ಮಳೆಯಲ್ಲಿ ಘಾಟಿ ಇಳಿದು ಹತ್ತಿದ ಕಾರು ಅದು ಎನ್ನುವುದೂ ನಿಜ. ಆದರೆ ಅದರ ಹಿಂದಿನ ಸೀಟಿನಲ್ಲಿ ಮೂರು ನಾಲ್ಕು ಜನ, ಡಿಕ್ಕಿಯಲ್ಲಿ ಗಂಟುಮೂಟೆ ಇರುತ್ತಿದ್ದವು, ವೇಗವೂ ಕಡಿಮೆ, ಎದುರಿಗೆ ಬರುವ ಗಾಡಿಗಳೂ ಕಡಿಮೆ. ಇಂದು ನಮ್ಮ ಒಳರಸ್ತೆಗಳಲ್ಲಿ ಮುತ್ತತ್ತಿಗೆ, ಭೀಮೇಶ್ವರಿಗೆ, ಶಿವನಸಮುದ್ರಕ್ಕೆ ಹೊರಟ ಬೆಂಗಳೂರಿನ ಕಾರುಗಳೂ ಬೈಕುಗಳೂ ವಾರಾಂತ್ಯದಲ್ಲಿ ತುಂಬಿರುತ್ತವೆ. ಅವರಿಗೆ ಹುಲ್ಲಿನ ಅಭ್ಯಾಸವೂ ಇಲ್ಲ, ತಿರುವಿನ ಆಚೆಗೆ ಹಾಸಿದ್ದಾರೆಂಬ ಗುಮಾನಿಯೂ ಇಲ್ಲ. ನಿಮ್ಮ ಅನುಭವ ನಿಮ್ಮ ಗಾಡಿಯನ್ನು ಕಾಪಾಡೀತು, ಎದುರಿನವನು ಹುಲ್ಲಿನ ಮೇಲೆ ಬ್ರೇಕ್ ತುಳಿದಾಗ ಅದು ಉಪಯೋಗಕ್ಕೆ ಬಾರದು.

ಇನ್ನು ಎರಡನೆಯ ಮಾತು, ಹೇಳಲು ಕಷ್ಟವಾದದ್ದು. ಹಾಸುವ ರೈತರು ಪರರಲ್ಲ. ಪಿಕಪ್ ಮಾಲೀಕನ ಅಪ್ಪನೇ ರಸ್ತೆಗೆ ರಾಗಿ ಹರಡಿರುತ್ತಾನೆ. ಅವರು ಹಟಕ್ಕೆ ಹಾಸುವುದಿಲ್ಲ. ಸಗಣಿ ಸಾರಿಸಿ ಕಣ ಮಾಡಲು ಮನೆಯಲ್ಲಿ ದನವಿಲ್ಲ, ರೋಣಗಲ್ಲು ಎಳೆಯಲು ಎತ್ತಿಲ್ಲ, ಅಣ್ಣತಮ್ಮಂದಿರ ಭಾಗವಾದ ಮೇಲೆ ಕಣದ ಜಾಗವೂ ಉಳಿದಿಲ್ಲ, ಕೂಲಿಗೆ ಆಳು ಸಿಗುವುದಿಲ್ಲ. 2025-26ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್ಲಿಗೆ 4,886 ರೂಪಾಯಿ. ಎರಡು ಮೂರು ಎಕರೆಯ ಬೆಳೆಗಾರ ಅದರಲ್ಲೇ ಉಳುಮೆ, ಗೊಬ್ಬರ, ಕೊಯ್ಲು ಎಲ್ಲ ಕಳೆದು ಒಕ್ಕಣೆ ಯಂತ್ರದ ಬಾಡಿಗೆಯನ್ನೂ ಕೊಡಬೇಕು. ರಸ್ತೆಯಲ್ಲಿ ಹಾಯುವ ಚಕ್ರಕ್ಕೆ ಬಾಡಿಗೆಯಿಲ್ಲ. ಇದನ್ನೆಲ್ಲ ಒಪ್ಪಿಕೊಂಡೇ ಹೇಳುತ್ತೇನೆ, ಆ ಪುಕ್ಕಟೆ ಚಕ್ರ ನಿಜವಾಗಿ ಪುಕ್ಕಟೆಯಲ್ಲ. ಅದರ ಬೆಲೆಯನ್ನು ಒಕ್ಕಣೆ ಮಾಡುವವರು ಕೊಡುವುದಿಲ್ಲ, ದಾರಿಯಲ್ಲಿ ಜಾರಿ ಬಿದ್ದವರು ಕೊಡುತ್ತಾರೆ. ಕಾಳಿನೊಂದಿಗೆ ಜಲ್ಲಿಪುಡಿ, ಟೈರಿನ ಕಸ, ಎಣ್ಣೆಯ ಹನಿ ಸೇರುವುದು ಬೇರೆ.

ಕಾನೂನಿನ ಹೊರೆಯೂ ನಿಮ್ಮ ಮೇಲೆಯೇ ಹೆಚ್ಚು. ಸಾರ್ವಜನಿಕ ದಾರಿಯಲ್ಲಿ ಅಡ್ಡಿ, ಅಪಾಯ ಉಂಟುಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಂತೆ 5,000 ರೂಪಾಯಿವರೆಗೆ ದಂಡ. ಅದೇ ದಾರಿಯಲ್ಲಿ ನಿರ್ಲಕ್ಷ್ಯದಿಂದ ಜೀವ ತೆಗೆದ ಚಾಲಕನಿಗೆ 106ನೇ ಕಲಮಿನಂತೆ 5 ವರ್ಷದವರೆಗೆ ಸೆರೆವಾಸ. ಹುಲ್ಲು ಹಾಸಿದ್ದು ನಾನಲ್ಲ ಎಂದರೆ, ಹುಲ್ಲು ಕಂಡ ಮೇಲೂ ವೇಗ ಇಳಿಸಲಿಲ್ಲವೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಪರಿಹಾರವನ್ನು ಸರ್ಕಾರವೇ ಕೊಡಲಿ, ನಮ್ಮನ್ನೇಕೆ ಕೇಳುತ್ತೀರಿ ಎಂಬ ಆಕ್ಷೇಪದಲ್ಲಿ ನ್ಯಾಯವಿದೆ. ಕಣ ಕಟ್ಟಿಸುವುದು ಪಂಚಾಯಿತಿಯ ಕೆಲಸ. ಉದ್ಯೋಗ ಖಾತರಿಯ ಹಣದಲ್ಲಿ ಕಾಂಕ್ರೀಟಿನ ಒಕ್ಕಣೆ ಕಣ ಕಟ್ಟಿಸಿದ ಗ್ರಾಮ ಪಂಚಾಯಿತಿಗಳು ರಾಜ್ಯದಲ್ಲಿವೆ. ಯಂತ್ರಗಳನ್ನು ಕಡಿಮೆ ಬಾಡಿಗೆಗೆ ಕೊಡಲೆಂದೇ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಹೋಬಳಿ ಮಟ್ಟದಲ್ಲಿ ತೆರೆಯಲಾಯಿತು. ಸುಗ್ಗಿ ಶುರುವಾದ ಮೇಲೆ ಯಂತ್ರ ಕೇಳಿದರೆ ಸರದಿ ಸಿಗುವುದಿಲ್ಲ, ಮೊದಲೇ ಊರಿನ ಪರವಾಗಿ ಬರೆಸಿಡಬೇಕು. ಇದನ್ನು ಒಬ್ಬೊಬ್ಬ ರೈತ ಮಾಡಲಾರ. ನೀವು ಮಾಡಬಲ್ಲಿರಿ, ಏಕೆಂದರೆ ಹೋಬಳಿಯ ಎಲ್ಲ ಊರಿಗೂ ದಿನಾ ಹೋಗುವವರು ನೀವು, ಯಾರ ಮೆದೆ ಎಷ್ಟಿದೆ, ಯಾವ ಊರಿನಲ್ಲಿ ಯಂತ್ರ ಬಿಡುವಾಗಿದೆ ಎಂಬುದು ನಿಮಗೆ ಗೊತ್ತು. ಒಕ್ಕಣೆ ಯಂತ್ರವನ್ನು ಊರಿಂದ ಊರಿಗೆ ಸಾಗಿಸುವುದೂ ನಿಮ್ಮ ಕಸುಬಿನ ಒಂದು ಬಾಡಿಗೆಯೇ. ಹಿಮದ ನಾಡಿನವರಿಗೆ ಮುಗಿಲಿನಿಂದ ಬೀಳುವುದನ್ನು ತಡೆಯಲಾಗದು, ಅದಕ್ಕೇ ಅವರು ಟೈರು, ಮೂಟೆ, ಸರಪಳಿಗಳಲ್ಲಿ ಪರಿಹಾರ ಹುಡುಕಿದರು. ನಮ್ಮ ರಸ್ತೆಯನ್ನು ಜಾರುವಂತೆ ಮಾಡುವುದು ನಮ್ಮವರದೇ ಕೈ. ಅದನ್ನು ನಿಲ್ಲಿಸಲು ಸಾಧ್ಯವಿದೆ.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ಒಕ್ಕಣೆ ಜೋರಾಗುವ ಮೊದಲು ನಿಮ್ಮ ಸ್ಟ್ಯಾಂಡಿನಲ್ಲಿ ಒಂದು ಸಂಜೆ ಎಲ್ಲರೂ ಸೇರಿ. ಹುಲ್ಲಿನ ಮೇಲೆ ಬೇಕೆಂದೇ ಹಿಂದೆ ಮುಂದೆ ಓಡಿಸಿ ಒಕ್ಕಣೆ ಮಾಡಿಕೊಡುವುದನ್ನು, ದುಡ್ಡಿಗಾಗಲಿ ದಾಕ್ಷಿಣ್ಯಕ್ಕಾಗಲಿ, ಯಾರೂ ಮಾಡುವುದಿಲ್ಲವೆಂದು ತೀರ್ಮಾನಿಸಿ. ಕಣಕ್ಕೂ ಯಂತ್ರಕ್ಕೂ ಅರ್ಜಿ ಬರೆದು ನಿಮ್ಮ ನಿಮ್ಮ ಪಂಚಾಯಿತಿಗೆ, ಹಲಗೂರಿನ ರೈತ ಸಂಪರ್ಕ ಕೇಂದ್ರಕ್ಕೆ ರೈತರ ಜೊತೆ ನೀವೂ ಸಹಿ ಹಾಕಿ ಕೊಡಿ. ಅಲ್ಲಿಯವರೆಗೆ ಹಾಸುವುದು ನಿಲ್ಲದ ಕಡೆ, ತಿರುವಿನಲ್ಲಿ, ಸೇತುವೆಯ ಮೇಲೆ, ಇಳಿಜಾರಿನಲ್ಲಿ ಮಾತ್ರ ಬೇಡವೆಂದು, ಕತ್ತಲಾಗುವ ಮೊದಲು ಹುಲ್ಲನ್ನೂ ಕಲ್ಲನ್ನೂ ಪೂರ್ತಿ ತೆಗೆಯಬೇಕೆಂದು ಊರಿನವರಿಗೆ ಹೇಳಿ. ಹೊರಗಿನವರು ಹೇಳಿದರೆ ಜಗಳವಾಗುತ್ತದೆ, ನೀವು ಹೇಳಿದರೆ ಕೇಳುತ್ತಾರೆ. ನಾಳೆ ಬೆಳಿಗ್ಗೆ ಖಾಲಿ ಹೊರಡುವ ಮೊದಲು ಹಿಂದಿನ ಟೈರು ನೋಡಿ, ಎರಡು ಮೂಟೆ ಮರಳು ಹಾಕಿಕೊಂಡು ಹೊರಡಿ.

ಇತಿ,
ನಿಮ್ಮದೇ ಹೋಬಳಿಯ ಒಬ್ಬ ದಾರಿಹೋಕ